ತರಗತಿಯ ವೆಬ್‌ಸೈಟ್ ಪಾಲಕರ ಮೊಬೈಲಿನಲ್ಲಿ ಪಾಸಾಗುತ್ತದೆಯೇ?

‘ಅಕ್ಕೋರ, ನಾಳೆ ಸಾಲಿ ಐತೇನ್ರಿ?’ ಖಾನಾಪುರದ ಕಡೆ ಮಳೆ ಹಿಡಿದರೆ ಪಾಲಕರು ಮೊದಲು ಕೇಳುವುದೇ ಇದನ್ನು. ತರಗತಿಗೊಂದು ವೆಬ್‌ಸೈಟ್ ಇದೆ ಎಂದಾದರೆ ಉತ್ತರ ಅದರ ಮೊದಲ ಪುಟದಲ್ಲೇ, ಇವತ್ತಿನ ದಿನಾಂಕದೊಂದಿಗೆ ಸಿಗಬೇಕು. ಶಾಲಾ ಕಟ್ಟಡದ ಚಿತ್ರವೂ ಸ್ವಾಗತದ ಸಾಲುಗಳೂ ಅದರ ಕೆಳಗಿರಲಿ.

ವೆಬ್‌ಸೈಟನ್ನು ಪರಿಶೀಲಿಸಲು ಹೊರಟವರು ಅದನ್ನು ಶಾಲೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸಬೇಡಿ. ಅದನ್ನು ಹಿಂದೆಂದೂ ನೋಡಿರದ ಒಬ್ಬ ತಾಯಿ ಅಥವಾ ತಂದೆಯ ಕೈಗೆ ಅವರದೇ ಮೊಬೈಲ್ ಕೊಡಿ. ವೈಫೈ ಬೇಡ, ಮೊಬೈಲ್ ಡೇಟಾ ಸಾಕು. ಮೂರು ಪ್ರಶ್ನೆ ಕೇಳಿ: ನಾಳೆ ರಜೆಯೇ? ಇವತ್ತಿನ ಮನೆಗೆಲಸ ಏನು? ಗುರುಗಳಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಬಹುದು? ಒಂದೊಂದಕ್ಕೂ ಅರ್ಧ ನಿಮಿಷ, ಹೆಚ್ಚೆಂದರೆ ಮೂರು ಒತ್ತು. ‘ಅಲ್ಲಿ ಒತ್ತರಿ’ ಎಂದು ಹೇಳಿಕೊಡಬೇಡಿ. ಅವರ ಬೆರಳು ಎಲ್ಲಿ ತಡೆಯಿತು ಎಂಬುದನ್ನಷ್ಟೇ ಬರೆದುಕೊಳ್ಳಿ. ದೋಷ ಇರುವುದು ಅಲ್ಲೇ. ಇದೇ ಪ್ರಶ್ನೆಗಳನ್ನು ನಾಲ್ಕನೇ ತರಗತಿಯ ಮಗುವಿಗೂ ಕೇಳಿ.

ಪುಟ ತೆರೆಯುವುದು ತಡವಾದರೆ ಫೋಟೊ ನೋಡಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ 3–4 ಎಂಬಿ ಇರುತ್ತದೆ. ಹತ್ತು ಹಾಕಿದರೆ ಪಾಲಕರ ದಿನದ ಡೇಟಾದಲ್ಲಿ 30–40 ಎಂಬಿ ಹೋಯಿತು. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿದರೆ ಸಾಮಾನ್ಯವಾಗಿ 200–300 ಕೆಬಿಗೆ ಬರುತ್ತದೆ.

ಪದೇ ಪದೇ ಕಾಣುವ ಎರಡು ತೊಂದರೆಗಳಿವೆ. ಒಂದು, ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಸೂಚನೆಯನ್ನು ಹಾಗೇ ಅಂಟಿಸುವುದು. ಆ ಫಾಂಟ್ ಇರುವ ಶಾಲೆಯ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿಯೇ ಕಾಣುತ್ತದೆ, ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ. ಎಲ್ಲ ಮೊಬೈಲಿನಲ್ಲೂ ಓದಬರುವ ಯುನಿಕೋಡ್‌ಗೆ ಬದಲಿಸಿಯೇ ಹಾಕಬೇಕು. ಇನ್ನೊಂದು, ಗೂಗಲ್ ಡ್ರೈವ್‌ನಲ್ಲಿಟ್ಟ ಅಭ್ಯಾಸ ಹಾಳೆ. ಗುರುಗಳು ತಮ್ಮದೇ ಖಾತೆಯಲ್ಲಿರುವುದರಿಂದ ಅವರಿಗೆ ತೆರೆಯುತ್ತದೆ, ಪಾಲಕರಿಗೆ ಮಾತ್ರ ‘ಅನುಮತಿ ಬೇಕು’ ಎಂದು ಬರುತ್ತದೆ. ಯಾವ ಖಾತೆಗೂ ಲಾಗಿನ್ ಆಗಿರದ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪ್ರತಿ ಲಿಂಕನ್ನೂ ಒಮ್ಮೆ ಒತ್ತಿ ನೋಡಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ.

ಕೈಬರಹದ ಸೂಚನೆಯ ಫೋಟೊ ಹಾಕುವುದಕ್ಕಿಂತ ಟೈಪಿಸುವುದು ಮೇಲು. ಟೈಪಿಸಿದ್ದನ್ನು ಮೊಬೈಲ್ ಓದಿ ಹೇಳಬಲ್ಲದು. ಓದು ಬಾರದ ಪಾಲಕರಿಗೆ ಗುರುಗಳ ದನಿಯಲ್ಲೇ ಅರ್ಧ ನಿಮಿಷದ ಧ್ವನಿಮುದ್ರಣ ಇದ್ದರಂತೂ ಇನ್ನೂ ಒಳ್ಳೆಯದು. ಬೆಳಗಾವಿಯ ಮರಾಠಿ, ಉರ್ದು ಮಾಧ್ಯಮದ ತರಗತಿಗಳಲ್ಲಿ ಸೂಚನೆ ಆ ಭಾಷೆಯಲ್ಲೂ ಇರಬೇಕು.

ಇನ್ನು ಒಳಗಿನ ವಿಷಯ. ‘ಎಫ್‌ಎ-2 ಸೋಮವಾರ’ ಎಂದಷ್ಟೇ ಬರೆದರೆ ನೇಕಾರಿಕೆಯ ಮನೆಯಲ್ಲಿ ಯಾರಿಗೆ ತಿಳಿದೀತು? ಅದು ರೂಪಣಾತ್ಮಕ ಮೌಲ್ಯಮಾಪನ, ಮಗು ಇಂಥ ಪಾಠ ಓದಿಕೊಂಡು ಬರಬೇಕು ಎಂದು ಎರಡು ಸಾಲು ಬೇಕು. ಕೆಳಗಿನ ತರಗತಿಗಳ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯಲ್ಲಿ ಒಂದೇ ಕೋಣೆಯ ಮಕ್ಕಳು ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿರುತ್ತಾರೆ. ಎಲ್ಲರಿಗೂ ಒಂದೇ ಮನೆಗೆಲಸ ಹಾಕಿದ ಪುಟ ಆ ಪದ್ಧತಿಗೇ ವಿರುದ್ಧ. ಮಗು ತಲುಪಿದ ಮೈಲಿಗಲ್ಲಿಗೆ, ಅಂದರೆ ಏಣಿಯ ಹಂತಕ್ಕೆ, ತಕ್ಕಂತೆ ಚಟುವಟಿಕೆ ಬೇರೆ ಬೇರೆ ಕೊಟ್ಟಿದ್ದಾರೆಯೇ ನೋಡಿ. ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆಯ ದಿನಗಳಲ್ಲಿ ಶಾಲೆ ಇದೆಯೋ ಇಲ್ಲವೋ ಎಂಬುದೂ ಮೊದಲೇ ತಿಳಿಸಿರಬೇಕು.

ಕೊನೆಗೆ ನೋಡುವುದಾದರೂ ರಿಯಾಯಿತಿ ಇಲ್ಲದ್ದು ಮಕ್ಕಳ ಗುರುತಿನ ವಿಷಯ. ಗುಂಪಿನ ಫೋಟೊ ಒಪ್ಪೋಣ. ಒಂದು ಮಗುವಿನ ಮುಖ, ಪೂರ್ಣ ಹೆಸರು, ಊರು ಒಟ್ಟಿಗಿದ್ದರೆ ಅದೇ ದಿನ ತೆಗೆಸಿ. ಎಲ್ಲ ಮಕ್ಕಳ ಅಂಕಪಟ್ಟಿ, ಆಧಾರ್ ಸಂಖ್ಯೆ, ಪಾಲಕರ ಫೋನ್ ಪಟ್ಟಿ ಯಾರು ಬೇಕಾದರೂ ತೆರೆಯಬಹುದಾದ ಪುಟದಲ್ಲಿ ಇರಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಒಪ್ಪಿಗೆಯನ್ನು ದಾಖಲಾತಿ ಸಮಯದಲ್ಲೇ ಬರಹದಲ್ಲಿ ಪಡೆಯುವುದು ಸುಲಭ.

ಸಿಕ್ಕ ದೋಷಗಳನ್ನು ಪುಟದ ಹೆಸರಿನೊಂದಿಗೆ ಒಂದು ಹಾಳೆಯಲ್ಲಿ ಬರೆದು ಗುರುಗಳಿಗೆ ಕೊಡಿ. ಜೂನ್‌ನಲ್ಲಿ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಮತ್ತೊಮ್ಮೆ ಇದೇ ಪರೀಕ್ಷೆ ಮಾಡಿ. ಹಳೆಯ ಸೂಚನೆಗಳು ಹೆಚ್ಚಾಗಿ ಉಳಿದುಕೊಳ್ಳುವುದು ರಜೆಯ ನಂತರವೇ.