1969ರ ಝಡ್28 ಕಮಾರೋ: ಇಂಜಿನ್ ಒರಿಜಿನಲ್ ಅಂತ ಪ್ರೂವ್ ಮಾಡಿದ ನನ್ನ ಅನುಭವ

ಡೆಟ್ರಾಯ್ಟ್ ಸುತ್ತಮುತ್ತ ಇರೋ ಗಾಡಿ ಹುಚ್ಚಿನ ನಮ್ಮ ಕನ್ನಡದೋರು ಇಂಜಿನ್ ಒರಿಜಿನಲ್ ಅಂತ ಹೆಂಗೆ ಪ್ರೂವ್ ಮಾಡಿದೆ ಅಂತ ಕೇಳ್ತಾನೇ ಇದ್ರು, ಅದಕ್ಕೇ ಒಂದೇ ಸಲ ಬರೆದು ಹಾಕ್ತಿದೀನಿ. ನಂದು 1969ರ ಶೆವ್ರೊಲೆ ಕಮಾರೋ ಝಡ್28, ಒಹಾಯೋದ ನಾರ್‌ವುಡ್ ಪ್ಲಾಂಟಿಂದು, ಕೌಲ್ ಟ್ಯಾಗ್ (ಬಾಡಿ ಮೇಲಿನ ಫ್ಯಾಕ್ಟರಿ ತಗಡು) ಮೇಲೆ ಝಡ್28ರ ಕೋಡ್ ಎಕ್ಸ್33, ಬಾಡಿ ಡೇಟ್ 04ಸಿ ಅಂದ್ರೆ ಏಪ್ರಿಲ್ ಮೂರನೇ ವಾರ. ಇದ್ರ 302 ಕ್ಯೂಬಿಕ್ ಇಂಚಿನ ಇಂಜಿನ್ ಮೊದಲಿಂದ ಇದ್ರಲ್ಲೇ ಇದೆ ಅಂತ ನಾನು ಹೇಳಿದಾಗ ಒಬ್ರೂ ನಂಬಲಿಲ್ಲ. ಈಗ ಅವರೇ ಬಂದು ಫೋಟೋ ತಗೊಂಡು ಹೋಗ್ತಾರೆ.

ಡೌಟ್ ಶುರುವಾಗಿದ್ದು ಗಾಡಿ ತಗೊಳೋಕೆ ಮುಂಚೆನೇ. ದುಡ್ಡು ಕೊಟ್ಟು ಒಬ್ಬ ಇನ್‌ಸ್ಪೆಕ್ಟರ್‌ನ ಕರ್ಕೊಂಡು ಹೋಗಿದ್ದೆ, ಸುಮಾರು 600 ಡಾಲರ್. ಇಂಜಿನ್‌ನ ಬಲಗಡೆ ಹೆಡ್ ಮುಂದಿರೋ ಪ್ಯಾಡ್ (ನಂಬರ್ ಹೊಡೆಯೋ ಸಪಾಟು ಜಾಗ) ಮೇಲೆ ಟಾರ್ಚ್ ಬಿಟ್ಟ, ಫ್ಲಿಂಟ್‌ನ ಇಂಜಿನ್ ಪ್ಲಾಂಟಿನ ಗುರುತು ವಿ ಇದೆ, ಡೇಟು 0409 ಇದೆ, 302ರ ಕೋಡ್ ಡಿಝಡ್ ಇದೆ, ಆದ್ರೆ ವಿನ್ (ಗಾಡಿಯ ಗುರುತಿನ ನಂಬರ್) ಇಲ್ಲ, ಹಂಗಾಗಿ ಒರಿಜಿನಲ್ ಅಲ್ಲ ಅಂತ ಬರೆದು ಕೊಟ್ಟು ಹೋದ. ಆ ರಿಪೋರ್ಟ್ ನೋಡಿ ಮಾರೋನು 65 ಸಾವಿರದಿಂದ ತಾನೇ 50ರ ಒಳಗೆ ಇಳಿದ, ನಾನು ತಗೊಂಡೆ. ಇನ್ನೊಬ್ರು ಇದು ವಾರಂಟಿಲಿ ಬದಲಾಯಿಸಿ ಹಾಕಿದ ಬ್ಲಾಕ್ (ಇಂಜಿನ್‌ನ ಮುಖ್ಯ ಕಬ್ಬಿಣದ ಭಾಗ) ಅಂದ್ರು. ವಾರಂಟಿ ಬ್ಲಾಕ್ ಆಗಿದ್ರೆ ಪ್ಯಾಡ್ ಮೇಲೆ ಸಿಇ ಅಂತ ಹೊಡೆದಿರ್ತಾರಲ್ಲ, ಅದು ಎಲ್ಲಿ?

69ರ ಎಷ್ಟೋ ಗಾಡಿಗಳಲ್ಲಿ ವಿನ್ ಡೆರಿವೇಟಿವ್ (ವಿನ್‌ನ ಚಿಕ್ಕ ರೂಪ) ಪ್ಯಾಡ್ ಮೇಲೆ ಇರಲ್ಲ, ಆಯಿಲ್ ಫಿಲ್ಟರ್ ಮೇಲ್ಗಡೆ ಬ್ಲಾಕ್‌ನ ಒರಟು ಕಾಸ್ಟಿಂಗ್ ಮೇಲೆ ಇರತ್ತೆ. ಡಿಝಡ್ ಸ್ಟಾಂಪ್ ಬಿದ್ದಿದ್ದು ಫ್ಲಿಂಟ್ ಇಂಜಿನ್ ಪ್ಲಾಂಟಲ್ಲಿ, ವಿನ್ ಬಿದ್ದಿದ್ದು ಗಾಡಿ ಜೋಡಿಸೋ ಪ್ಲಾಂಟಲ್ಲಿ. ಎರಡು ಜಾಗ, ಎರಡು ಅಚ್ಚು, ಎರಡು ಕೈ. ಹಂಗಾಗಿ ಎರಡರ ಅಕ್ಷರ, ಆಳ, ಸಾಲು ಬೇರೆ ಬೇರೆನೇ ಇರಬೇಕು, ಎರಡೂ ಒಂದೇ ತರ ನೀಟಾಗಿ ಕೂತಿದ್ರೆ ನಾನು ಅಲ್ಲೇ ಕೈ ಮುಗಿದು ವಾಪಸ್ ಬರ್ತೀನಿ.

ಆದ್ರೆ ನನ್ನ ಬ್ಲಾಕ್‌ನ ಆ ಜಾಗದಲ್ಲಿ ಕಿತ್ತಳೆ ಪೇಂಟು, ಅದ್ರ ಮೇಲೆ ಕಪ್ಪು, ಅದ್ರ ಮೇಲೆ ಮತ್ತೆ ಕಿತ್ತಳೆ, ಮಧ್ಯ ಐವತ್ತು ವರ್ಷದ ಗ್ರೀಸು. ಕ್ಲಚ್ಚಿನ ಝಡ್ ಬಾರ್ ಬಿಚ್ಚದೆ ಕೈನೇ ಹೋಗಲ್ಲ. ಬೋರ್‌ಸ್ಕೋಪ್ ತಂದೆ, ಬರೀ ಮಬ್ಬು ಮಬ್ಬಾಗಿ ಕಾಣ್ತು, ನೂರು ಡಾಲರ್ ದಂಡ. ಸಿಟ್ರಸ್ ಸ್ಟ್ರಿಪ್ಪರ್ ಮೇಲಿನ ಎರಡು ಪದರ ತೆಗೀತು, ಕೆಳಗಿಂದು ಅಲುಗಾಡ್ಲಿಲ್ಲ. ವೈರ್ ವೀಲ್ ಹಾಕು ಅಂತ ಎಲ್ರೂ ಅಂದ್ರು. ದಯವಿಟ್ಟು ಹಾಕ್ಬೇಡಿ, ನಂಬರ್ ಅಂಚು ಹೋದ್ರೆ ಸಾಕ್ಷಿನೇ ಹೋಯ್ತು. ಕೊನೆಗೆ ಜೋರಾದ ಸ್ಟ್ರಿಪ್ಪರ್, ನೈಲಾನ್ ಬ್ರಷ್, ಬಿದಿರು ಕಡ್ಡಿ, ವಾರಗಟ್ಲೆ ತಾಳ್ಮೆ. 19ಎನ್ (1 ಶೆವ್ರೊಲೆ, 9 ಅಂದ್ರೆ 1969, ಎನ್ ನಾರ್‌ವುಡ್) ಕಂಡಾಗ ಗಾಡಿ ಕೆಳಗೆ ಮಲಗಿದ್ದಲ್ಲೇ ಕೂಗಿದೀನಿ. ಮುಂದಿನ ಆರು ಅಂಕಿ ಡ್ಯಾಶ್ ಮೇಲಿನ ಪ್ಲೇಟಿಗೆ ಸರಿಯಾಗಿ ಹೊಂದ್ತು.

ಹೊಂದಿದ್ರೆ ಸಾಕಾ? ಸಾಲಲ್ಲ, ಯಾರು ಬೇಕಾದ್ರೂ ಹೊಡೀಬಹುದು. ಅದಕ್ಕೇ ಎರಡು ಪಾರ್ಟಿನ ಸಿಲಿಕಾನ್ ಪುಟ್ಟಿ, ಹಲ್ಲಿನ ಡಾಕ್ಟ್ರು ಅಚ್ಚು ತಗೊಳ್ತಾರಲ್ಲ ಆ ತರದ್ದು, ಅದನ್ನ ಒತ್ತಿ ಅಚ್ಚು ತೆಗೆದೆ. ಆಮೇಲೆ ಟೇಬಲ್ ಮೇಲೆ ಆರಾಮಾಗಿ ಲೂಪ್ (ಭೂತಗನ್ನಡಿ) ಹಿಡ್ಕೊಂಡು ನೋಡ್ಬಹುದು, ಅಂಕಿ ಎಷ್ಟು ಆಳ, ಅಂಚು ಹೆಂಗಿದೆ, ಯಾವ ಅಂಕಿ ಓರೆ ಬಿದ್ದಿದೆ, ಎಲ್ಲ ಉಬ್ಬಿ ಕಾಣತ್ತೆ. ನಾನು ನೋಡಿದ ಮಟ್ಟಿಗೆ ನಮ್ಮ ಕಡೆ ಇದನ್ನ ಇನ್ಯಾರೂ ಮಾಡಿಲ್ಲ. ಬೆಳಕು ಯಾವ ಕಡೆಯಿಂದ ಬಿಡಬೇಕು, ಅಚ್ಚಿನ ಮೇಲೆ ಏನು ಉಜ್ಜಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ, ಸುಳ್ಳು ಸ್ಟಾಂಪ್ ಹೊಡೆಯೋರೂ ಇದನ್ನ ಓದ್ತಾರೆ. ಎದುರು ಸಿಕ್ರೆ ತೋರಿಸ್ತೀನಿ.

ಸುಳ್ಳು ಸ್ಟಾಂಪ್ ಹೆಂಗಿರತ್ತೆ ಅಂತ ಗೊತ್ತಾಗಕ್ಕೆ ನಾನೇ ಒಂದು ಹೊಡೆದು ನೋಡಿದೆ. ಸ್ಕ್ರ್ಯಾಪ್ ಯಾರ್ಡಿಂದ ಒಡೆದ 350 ಬ್ಲಾಕ್ ತಂದೆ, 80 ಡಾಲರ್ ಇರಬೇಕು, ಪಂಚ್ ಸೆಟ್ 40ರ ಹತ್ರ. ಪ್ಯಾಡ್ ಅರ್ಧ ಸ್ಯಾಂಡ್ ಮಾಡಿದೆ, ಕ್ರ್ಯಾಂಕ್ ಉದ್ದಕ್ಕೆ ಓಡೋ ಬ್ರೋಚ್ ಗೆರೆ (ಫ್ಯಾಕ್ಟರಿಲಿ ಪ್ಯಾಡ್ ಸಪಾಟು ಮಾಡಿದಾಗ ಬೀಳೋ ಗೆರೆ) ಮಾಯ. ಅದನ್ನ ಮರಳಿ ತರೋಣ ಅಂತ ಸ್ಯಾಂಡ್‌ಪೇಪರ್ ಎಳೆದ್ರೆ ಗೆರೆ ಎತ್ತೆತ್ತಲೋ ಹೋಯ್ತು. ಹೊಸ ಅಂಕಿ ಹೊಡೆದು ಉಪ್ಪು ನೀರು ಹಾಕಿ ಒಂದು ಚಳಿಗಾಲ ಗ್ಯಾರೇಜಲ್ಲಿ ಬಿಟ್ಟೆ. ಬರಿಗಣ್ಣಿಗೆ ಹಳೇದೇ ಅನ್ಸತ್ತೆ, ಆದ್ರೆ ಸಿಲಿಕಾನ್ ಅಚ್ಚಲ್ಲಿ ಅಂಚು ಬ್ಲೇಡ್ ತರ ಚೂಪು, ನನ್ನ 302ರದ್ದು ಮೊಂಡು. ಡೌಟ್ ಪಟ್ಟೋರ ಮುಂದೆ ಎರಡೂ ಅಚ್ಚು ಇಟ್ಟೆ, ಅಲ್ಲಿಗೆ ಮಾತು ಮುಗೀತು.

ಇನ್ನು ಡೇಟುಗಳೂ ಒಂದಾದ ಮೇಲೊಂದು ಸರಿಯಾಗಿ ಬರ್ತವೆ. ಬ್ಲಾಕ್ ಹಿಂದೆ ಸಿ 27 9, ಅಂದ್ರೆ ಮಾರ್ಚ್ 27, ಆಮೇಲೆ ಫ್ಲಿಂಟಲ್ಲಿ ಏಪ್ರಿಲ್ 9, ಆಮೇಲೆ ಬಾಡಿ. ಕಾಸ್ಟಿಂಗ್ ನಂಬರ್ 3956618. ಮನ್ಸಿ ಗೇರ್‌ಬಾಕ್ಸ್ ಮೇಲೂ ಅದೇ ವಿನ್ ಸಿಕ್ತು. ಹಿಂದಿನ 12 ಬೋಲ್ಟ್ ಆಕ್ಸಲ್ ಮೇಲೆ ವಿನ್ ಇರಲ್ಲ, ಕೋಡು ಡೇಟು ನೋಡಿ ಒಪ್ಕೋಬೇಕು ಅಷ್ಟೇ. ಒಂದನ್ನ ಮಾತ್ರ ಬಿಡ್ಬೇಡಿ: ಹೀಟರ್ ಬ್ಲೋವರ್ ಬಾಕ್ಸ್ ಬಿಚ್ಚಿ ಫೈರ್‌ವಾಲ್ ಮೇಲಿನ ಗುಟ್ಟಿನ ವಿನ್ ನೋಡಿ. ಡ್ಯಾಶ್ ಪ್ಲೇಟೇ ಬೇರೆ ಗಾಡಿಯಿಂದ ಬಂದಿದ್ರೆ ಇಂಜಿನ್ ಹೊಂದಿ ಏನು ಪ್ರಯೋಜನ ಹೇಳಿ, ಅದೂ ಅಲ್ದೆ ಅದು ಫೆಡರಲ್ ಕೇಸು. ನಂದು ಅಲ್ಲೂ ಸರಿ ಇತ್ತು.

ಕಾಗದ ನನ್ನ ಹತ್ರ ಒಂದೂ ಇಲ್ಲ, ಪ್ರೊಟೆಕ್ಟ್-ಓ-ಪ್ಲೇಟ್ (ಗಾಡಿ ಜೊತೆ ಕೊಡ್ತಿದ್ದ ವಾರಂಟಿ ತಗಡು) ಯಾವಾಗಲೋ ಕಳೆದುಹೋಗಿದೆ. ಪಾಂಟಿಯಾಕ್ ಇಟ್ಕೊಂಡೋರು ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಅಂದ್ರೆ ಪಿಎಚ್‌ಎಸ್‌ಗೆ ಬರೆದ್ರೆ ಬಿಲ್ಲಿಂಗ್ ದಾಖಲೆ ಮನೆಗೇ ಬರತ್ತೆ, ಕೆನಡಾದಲ್ಲಿ ಮಾರಿದ ಶೆವಿಗಳಿಗೂ ಅಲ್ಲಿಯ ಜಿಎಂ ಕೊಡತ್ತೆ. ಅಮೆರಿಕದಲ್ಲಿ ಮಾರಿದ ಕಮಾರೋಗೆ ಆ ಭಾಗ್ಯ ಇಲ್ಲ, ಕಬ್ಬಿಣನೇ ಓದ್ಬೇಕು.

ಎಲ್ಲ ಸೇರಿ ಖರ್ಚು 500 ಡಾಲರ್ ದಾಟಿರ್ಲಿಕ್ಕಿಲ್ಲ, ಇನ್‌ಸ್ಪೆಕ್ಟರ್ ಫೀಸ್ ಬಿಟ್ಟು. ವುಡ್‌ವರ್ಡ್ ಡ್ರೀಮ್ ಕ್ರೂಸ್ (ಡೆಟ್ರಾಯ್ಟ್ ಕಡೆಯ ಹಳೇ ಗಾಡಿಗಳ ಮೆರವಣಿಗೆ) ದಿನ ಒಬ್ರು 75 ಸಾವಿರಕ್ಕೆ ಕೇಳಿದ್ರು, ಕೊಡ್ಲಿಲ್ಲ. ಈಗ ಬಾಕಿ ಇರೋದು ಕಾರ್ಬ್ಯುರೇಟರ್. ಇರೋದು ಆಮೇಲೆ ಬಂದಿದ್ದು, ಬೇಕಿರೋದು ಹಾಲಿ (Holley) ಕಂಪನಿಯ ಲಿಸ್ಟ್ ನಂಬರ್ 4053, ಡೇಟ್ 1969ರ ಫೆಬ್ರವರಿ ಅಥವಾ ಮಾರ್ಚ್, ಚೋಕ್ ಟವರ್ ಕಟ್ ಮಾಡಿರಬಾರದು. ಯಾರ ಗ್ಯಾರೇಜಲ್ಲಾದ್ರೂ ಇದ್ರೆ ಹೇಳಿ, ಸಾವಿರ ಡಾಲರ್ ತನಕ ಮಾತಾಡೋಣ.