ತೊಟ್ಟೆ ಬಿಚ್ಚಿ ಮಾಡಿದ ಸರ್ವೆ: ನನ್ನ ಅನುಭವ

ಡಿಗ್ರಿ ಮಕ್ಕಳ ಪ್ರಾಜೆಕ್ಟಿಗೆ ಗೂಗಲ್ ಫಾರ್ಮ್ ಬೇಡ, ಮನೆಯ ತೊಟ್ಟೆಯಲ್ಲಿ, ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ, ಬಿದ್ದಿರುವ ಆಸ್ಪತ್ರೆ ಚೀಟಿಗಳನ್ನೇ ಓದೋಣ ಅಂತ ನಾನು ಹೇಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. "ಇದು ಸಂಶೋಧನೆಯಾ, ಗುಜರಿ ವ್ಯಾಪಾರವಾ ಮಾರಾಯ್ರೆ?" ಅಂತ ಒಬ್ಬರು ಕೇಳಿದರು. ಈಗ ಅವರೇ ತಮ್ಮ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ಸಾಕಾಗಿದೆ. ಅದಕ್ಕೆ ಒಮ್ಮೆ ಬರೆದಿಡುತ್ತೇನೆ.

ನಾನು ಕಾಸರಗೋಡು ಕಡೆಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವನು. ಪ್ರಾಜೆಕ್ಟಿನ ವಿಷಯ ಇಷ್ಟೇ: ಇಲ್ಲಿಂದ ಮಂಗಳೂರಿಗೆ ಡಾಕ್ಟರಿಗೆ ತೋರಿಸಲು ಹೋಗಿ ಬರುವುದಕ್ಕೆ ಒಂದು ಮನೆಗೆ ನಿಜವಾಗಿ ಎಷ್ಟು ಬೀಳುತ್ತದೆ? ಅಡ್ಮಿಟ್ ಆದವರ ಲೆಕ್ಕ ಅಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರುವವರದ್ದು. ನಮ್ಮವರಿಗೆ ಸ್ವಲ್ಪ ಏನಾದರೂ ಆದರೂ ಮಂಗಳೂರೇ ಅಲ್ವಾ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ, ಆಂಬುಲೆನ್ಸ್ ವಾಪಸ್ ಬಂದು, ಕೇಸು ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಓಡಾಡಿದಾಗ ಎಲ್ಲರೂ ಇದರ ಬಗ್ಗೆ ಮಾತಾಡಿದರು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದರು. ಬಾಗಿಲು ತೆರೆದದ್ದು 2020ರಲ್ಲಿ, ಅದೂ ಕೋವಿಡ್ ಆಸ್ಪತ್ರೆಯಾಗಿ. ಇದೆಲ್ಲ ಭಾಷಣಕ್ಕೆ ಸಿಗುವ ಮಾತು. ಆದರೆ ಸಕ್ಕರೆ ಕಾಯಿಲೆ ತೋರಿಸಲು ಹೋದ ಒಬ್ಬ ಅಮ್ಮನ ಬಸ್ಸು, ಚಾ-ತಿಂಡಿ, ಜೊತೆಗೆ ಹೋದ ಮಗನ ಕೂಲಿ ಸೇರಿಸಿದರೆ ಎಷ್ಟಾಗುತ್ತದೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನನ್ನ ದಾರಿಗೆ ಬರುವ ಮೊದಲು ಎಲ್ಲರ ದಾರಿಯಲ್ಲೂ ಹೋಗಿ ನೋಡಿದ್ದೇವೆ. ಒಂದು ಬ್ಯಾಚು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪಿನಲ್ಲಿ ಬಿಟ್ಟಿತು. ಎರಡೇ ರಾತ್ರಿಯಲ್ಲಿ ನೂರಕ್ಕೂ ಜಾಸ್ತಿ ಉತ್ತರ. ಮಕ್ಕಳಿಗೆ ಖುಷಿಯೋ ಖುಷಿ. ನಾನು ಟೈಮ್‌ಸ್ಟ್ಯಾಂಪ್ ಕಾಲಂ ನೋಡಿದೆ. ರಾತ್ರಿ ಹನ್ನೆರಡು ಗಂಟೆಗೆ ಒಂದೊಂದು ನಿಮಿಷಕ್ಕೆ ಒಂದೊಂದು ಉತ್ತರ, ಎಲ್ಲದರಲ್ಲೂ ಪ್ರಾಯ "60ಕ್ಕಿಂತ ಮೇಲೆ". ಅಷ್ಟು ಹೊತ್ತಿಗೆ ಎದ್ದು ಕೂತು ಫಾರ್ಮ್ ತುಂಬಿಸುವ ಅಜ್ಜಂದಿರು ನಮ್ಮ ಊರಿನಲ್ಲಿ ಅಷ್ಟು ಮಂದಿ ಇದ್ದಾರಾ? ಆ ಪ್ರಾಜೆಕ್ಟಿಗೆ ಒಳ್ಳೆಯ ಮಾರ್ಕೇ ಬಂತು, ಆ ಮಾತು ಬೇರೆ.

ಮುಂದಿನ ಬ್ಯಾಚಿಗೆ ಪ್ರಿಂಟ್ ಹಾಕಿದ ಪ್ರಶ್ನಾವಳಿ ಕೊಟ್ಟೆ. ನಾಲ್ಕು ಪುಟ, ಕೊನೆಗೆ ಲೈಕರ್ಟ್ ಸ್ಕೇಲು (ಪೂರ್ತಿ ಒಪ್ಪುತ್ತೇನೆ, ಒಪ್ಪುವುದಿಲ್ಲ ಅಂತ ಟಿಕ್ ಹಾಕುವುದು). ಮಕ್ಕಳು ಕುಂಬಳೆ, ಸೀತಾಂಗೋಳಿ, ನೀರ್ಚಾಲು ಕಡೆ ಮನೆ ಮನೆ ಹೋದರು. "ವರ್ಷಕ್ಕೆ ಮದ್ದಿಗೆ ಎಷ್ಟು ಖರ್ಚು?" ಅಂತ ಕೇಳಿದರೆ ಹತ್ತು ಸಾವಿರ, ಇಪ್ಪತ್ತು ಸಾವಿರ, ಐವತ್ತು ಸಾವಿರ. ಹದಿಮೂರು ಸಾವಿರ ಅಂದ ಒಬ್ಬರೂ ಇಲ್ಲ. ಒಬ್ಬರು ಅಮ್ಮ ನೇರವಾಗಿ ಹೇಳಿದರು: "ಅದೆಲ್ಲ ನೆನಪುಂಟಾ ಮಗಾ? ಸುಮಾರು ಆಯ್ತು ಅಂತ ಬರಿ." ಅವರ ತಪ್ಪೇನೂ ಇಲ್ಲ. ಸರಕಾರದ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 75ನೇ ಸುತ್ತಿನ ಆರೋಗ್ಯ ಸರ್ವೆಯೂ ಅಡ್ಮಿಟ್ ಆಗಿದ್ದರೆ ಮಾತ್ರ ಕಳೆದ 365 ದಿನದ್ದು ಕೇಳುತ್ತದೆ, ಉಳಿದ ಕಾಯಿಲೆಗೆ ಕಳೆದ 15 ದಿನದ್ದು. ಅವರೇ 15 ದಿನಕ್ಕೆ ನಿಲ್ಲಿಸಿದ್ದನ್ನು ನಮ್ಮ ಮಕ್ಕಳು ಒಂದು ವರ್ಷಕ್ಕೆ ಎಳೆದರೆ ಏನು ಸಿಗುತ್ತದೆ?

ಆ ಬ್ಯಾಚಿನವರು ಎಸ್‌ಪಿಎಸ್‌ಎಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರಿನ ಕೆಲಸಕ್ಕೆ ಒಂದು ಡಿಟಿಪಿ ಅಂಗಡಿಗೆ ಮೂರು ಸಾವಿರದ ಹತ್ತಿರ ಕೊಟ್ಟರು. ಅಲ್ಲಿಂದ ಬಂದ ಟೇಬಲ್ಲುಗಳಲ್ಲಿ ಒಂದು ಬೇರೆ ಯಾವುದೋ ಪ್ರಾಜೆಕ್ಟಿನದ್ದು. ಶಾಂಪೂ ಬ್ರಾಂಡಿನ ಮೇಲೆ ಕೈ-ಸ್ಕ್ವೇರ್ (chi-square) ಅನ್ನುವ ಸಂಖ್ಯಾಶಾಸ್ತ್ರದ ಪರೀಕ್ಷೆ! ಆಮೇಲೆ ಎಕ್ಸೆಲ್ ಬಿಟ್ಟು ಬೇರೆ ಏನನ್ನೂ ನಾನು ಒಳಗೆ ಬಿಟ್ಟಿಲ್ಲ.

ಚೀಟಿ ಓದುವ ಯೋಚನೆ ಬಂದದ್ದು ಆ ಪ್ರಶ್ನಾವಳಿಯ ಕಾಲದಲ್ಲೇ. ನಮ್ಮ ಕಡೆಯ ಯಾವ ಮನೆಗೆ ಹೋದರೂ ಒಳಗೆ ಒಂದು ಮೊಳೆಗೆ ತೊಟ್ಟೆ ನೇತಾಡುತ್ತಿರುತ್ತದೆ. ಡಾಕ್ಟರ ಚೀಟಿ, ಲ್ಯಾಬಿನ ರಿಪೋರ್ಟು, ಮೆಡಿಕಲ್ ಶಾಪಿನ ಬಿಲ್ಲು ಎಲ್ಲ ಅದರಲ್ಲೇ. ಮಕ್ಕಳು ಖರ್ಚು ಕೇಳಿದಾಗಲೆಲ್ಲ ಮನೆಯವರು ಆ ತೊಟ್ಟೆಯ ಕಡೆ ನೋಡುತ್ತಿದ್ದರಂತೆ. ಮಕ್ಕಳು ಮಾತ್ರ ಫಾರ್ಮ್ ನೋಡುತ್ತಿದ್ದರು.

ಹೊಸ ಬ್ಯಾಚಿನಲ್ಲಿ ಐದು ಮಕ್ಕಳು. ಒಂದು ಪಂಚಾಯತಿನ ಎರಡು ವಾರ್ಡು ಮಾತ್ರ ತಗೊಂಡೆವು. ಮನೆ ಪಟ್ಟಿಯಿಂದ ಲೆಕ್ಕ ಹಾಕಿ ಇಷ್ಟನೇ ಮನೆ ಅಂತ ಆರಿಸಿ, ಬೇಡ ಅಂದವರನ್ನು ಬಿಟ್ಟು, ಕೊನೆಗೆ ನಲವತ್ತರ ಆಸುಪಾಸು ಮನೆ ಸಿಕ್ಕಿತು. "ನಲವತ್ತಾ? ಕಡಿಮೆ ಅಂದ್ರೂ ನೂರು ಬೇಕು" ಅಂತ ಮತ್ತೆ ಸ್ಟಾಫ್ ರೂಮಿನಲ್ಲಿ ಶುರು. ಆ ನಲವತ್ತು ಮನೆಯಿಂದ ಮುನ್ನೂರಕ್ಕೂ ಜಾಸ್ತಿ ಭೇಟಿಗಳ ಚೀಟಿ ಸಿಕ್ಕಿದವು. ನಮ್ಮ ಲೆಕ್ಕದ ಸಾಲು ಮನೆಯದ್ದಲ್ಲ, ಒಂದೊಂದು ಸಲ ಹೋಗಿ ಬಂದದ್ದರದ್ದು. ಈ ವಿಷಯ ತಲೆಗೆ ಹೋಗಿಸಲು ನನಗೆ ಮಕ್ಕಳಿಗಿಂತ ಸಹೋದ್ಯೋಗಿಗಳ ಜೊತೆ ಜಾಸ್ತಿ ಕಷ್ಟವಾಯಿತು.

ಮೊದಲ ಸಲ ಹೋದಾಗ ಏನೂ ಕೇಳಬಾರದು. ಪರಿಚಯ ಹೇಳಿ, ಚಾ ಕೊಟ್ಟರೆ ಕುಡಿದು, ಒಂದು ಕಂದು ಲಕೋಟೆ ಕೊಟ್ಟು ಬರುವುದು. "ಇನ್ನು ಆಸ್ಪತ್ರೆಗೆ ಹೋದಾಗ ಬಸ್ಸಿನ ಟಿಕೆಟು, ಹೋಟೆಲಿನ ಬಿಲ್ಲು ಎಲ್ಲ ಇದಕ್ಕೆ ಹಾಕಿಡಿ ಅಕ್ಕ, ನಾವು ಬಂದು ನೋಡ್ತೇವೆ." ತೊಟ್ಟೆಯಲ್ಲಿ ಹಳೆಯದ್ದು, ಲಕೋಟೆಯಲ್ಲಿ ಹೊಸದು. ಎರಡನೇ ಸಲ ಹೋದಾಗ ಅವರೇ ಚಾಪೆ ಹಾಕಿ ತೊಟ್ಟೆ ಸುರಿಯುತ್ತಾರೆ. ಹೆಸರು ಇರುವ ಮೇಲ್ಭಾಗ ಮಡಚಿಟ್ಟು ತಾರೀಕು, ಊರು, ಮೊತ್ತ ಮಾತ್ರ ಬರೆದುಕೊಳ್ಳಬೇಕು. ಕಾಯಿಲೆ ಯಾವುದು ಅಂತ ಬರೆಯುವ ಕಾಲಂ ನಮ್ಮ ಶೀಟಿನಲ್ಲಿ ಇರಲೇ ಇಲ್ಲ. ಮನೆಯವರೇ ಹೇಳಿದರೂ ಬರೆಯಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದ್ದೆ. ಶೀಟು ಕನ್ನಡದಲ್ಲಿ, ಒಪ್ಪಿಗೆ ಪತ್ರ ಕನ್ನಡ, ಮಲಯಾಳ ಎರಡರಲ್ಲೂ. ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ ಮಲಯಾಳದಲ್ಲೋ, ಆ ಮನೆಯ ಮಾತು ಯಾವುದೋ ಅದರಲ್ಲಿ.

ಇಲ್ಲಿ ನಮಗೆ ಪೆಟ್ಟು ಕೊಟ್ಟದ್ದು ಬಸ್ ಟಿಕೆಟು. ಈಗಿನ ಮೆಷಿನ್ ಟಿಕೆಟಿನ ಅಕ್ಷರ ನಿಲ್ಲುವುದಿಲ್ಲ. ಅಡಿಗೆ ಮನೆಯ ಹತ್ತಿರ ಇಟ್ಟ ಲಕೋಟೆಯಲ್ಲಿ ಒಂದು ತಿಂಗಳಲ್ಲಿ ಅರ್ಧ ಟಿಕೆಟು ಬಿಳಿ ಕಾಗದ. ಒಂದು ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಉಳಿದ ಮಸುಕು ಗುರುತಿನಿಂದ ಮೊತ್ತ ಓದಲು ನೋಡಿದಳು. ಒಂದೆರಡು ಓದಿದಳು ಕೂಡ, ಶಹಭಾಸ್ ಅನ್ನಬೇಕು. ಆದರೆ ಅದು ಆಗುಹೋಗುವ ಕೆಲಸ ಅಲ್ಲ. ಮತ್ತೆ ಪ್ರತಿ ಮನೆಯಲ್ಲಿ ಮೊಬೈಲ್ ಇರುವ ಒಬ್ಬರಿಗೆ, ಟಿಕೆಟು ತಗೊಂಡ ದಿನವೇ ಫೋಟೋ ತೆಗೆಯಲು ಹೇಳಿದೆವು. ಬಿಟ್ಟುಹೋದ ಕಡೆ ದರಪಟ್ಟಿ ನೋಡಿ ತುಂಬಿಸಿದೆವು, ಹಾಗೆ ತುಂಬಿಸಿದ್ದಕ್ಕೆ ಕೆಂಪು ಶಾಯಿ.

ಎಲ್ಲಕ್ಕಿಂತ ಕಷ್ಟದ ಲೆಕ್ಕ ಹೋದ ಕೂಲಿಯದ್ದು. ಅಡಿಕೆ ತೋಟಕ್ಕೆ ಹೋಗುವ ಗಂಡಸರದ್ದು ಸುಲಭ, ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಬೀಡಿ ಕಟ್ಟುವ ಹೆಂಗಸರದ್ದು ಹೇಗೆ? ಕೇಳಿದರೆ "ಎಂತ ಲೆಕ್ಕ, ಮನೆಯಲ್ಲೇ ಅಲ್ವಾ ಕಟ್ಟುವುದು" ಅನ್ನುತ್ತಾರೆ. ಆದರೆ ಅವರ ಹತ್ತಿರ ಬೀಡಿ ಕಂಪೆನಿಯ ಬ್ರಾಂಚಿನ ಪುಸ್ತಕ ಉಂಟು. ಯಾವ ತಾರೀಕಿಗೆ ಎಷ್ಟು ಎಲೆ, ಎಷ್ಟು ತಂಬಾಕು ಕೊಟ್ಟರು, ಎಷ್ಟು ಬೀಡಿ ವಾಪಸ್ ಬಂತು ಎಲ್ಲ ಅದರಲ್ಲಿ ಇರುತ್ತದೆ. ತೊಟ್ಟೆಯಲ್ಲಿದ್ದ ಡಾಕ್ಟರ ಚೀಟಿಯ ತಾರೀಕನ್ನು ಆ ಪುಸ್ತಕದ ಪಕ್ಕ ಇಟ್ಟು ನೋಡಿದೆವು. ಮಂಗಳೂರಿಗೆ ಹೋದ ದಿನ ಬೀಡಿ ಸೊನ್ನೆ ಅಥವಾ ಬಹಳ ಕಡಿಮೆ. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಹಿಂದಿನ ಎರಡು ದಿನದ್ದು. ಅಲ್ಲಿ ಬೀಡಿ ಜಾಸ್ತಿ! ರಾತ್ರಿ ಕೂತು ಕಟ್ಟಿ, ಹೋಗುವ ದಿನದ್ದನ್ನು ಮೊದಲೇ ತೀರಿಸಿಡುತ್ತಾರೆ. ಹೋಗಿ ಬಂದ ಮರುದಿನ ಮತ್ತೆ ಕಡಿಮೆ, ಸುಸ್ತು. ಒಂದು ದಿನವನ್ನು ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ ಅಂತ ಒಂದು ವಾರದ್ದು ಒಟ್ಟು ಹಾಕಿ ಮಾಮೂಲಿ ವಾರದ ಜೊತೆ ಹೋಲಿಸಿದೆವು. ಕೊನೆಗೆ ಬೀಡಿ ಅಕ್ಕಂದಿರಿಗೆ ಹೋದದ್ದು ಸುಮಾರು ಅರ್ಧ ದಿನದ ಸಂಪಾದನೆ, ಜೊತೆಗೆ ಎರಡು ರಾತ್ರಿಯ ನಿದ್ದೆ. ನಿದ್ದೆಗೆ ಎಕ್ಸೆಲ್‌ನಲ್ಲಿ ಕಾಲಂ ಇಲ್ಲ, ಆದರೂ ರಿಪೋರ್ಟಿನಲ್ಲಿ ಒಂದು ಪ್ಯಾರಾ ಬರೆಸಿದೆ. ಈ ಬೀಡಿ ಪುಸ್ತಕದ ಕೆಲಸ ನಮ್ಮ ಕಡೆ ಡಿಗ್ರಿ ಮಕ್ಕಳು ಬೇರೆ ಯಾರಾದರೂ ಮಾಡಿದ್ದರೆ ತೋರಿಸಲಿ, ನಾನೇ ಚಾ ಕುಡಿಸುತ್ತೇನೆ.

ಬೀಡಿ ಅಕ್ಕಂದಿರು ಪುಸ್ತಕ ತೋರಿಸುವ ಹಾಗೆ ಮಾಡಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ಮನೆ ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ ಅಂತ ಹೇಳಿದರೆ ಗೊತ್ತಿರುವವರಿಗೆ ಸಾಕು.

ಒಟ್ಟು ಲೆಕ್ಕ ನೆನಪಿನಿಂದ ಹೇಳುತ್ತೇನೆ, ಹೆಚ್ಚು ಕಡಿಮೆ ಇರಬಹುದು. ಒಂದು ಸಲ ಹೋಗಿ ಬಂದದ್ದಕ್ಕೆ ನೂರು ರೂಪಾಯಿ ಖರ್ಚಾದರೆ ಡಾಕ್ಟರ ಫೀಸು ಹದಿನೈದರ ಹತ್ತಿರ. ಲ್ಯಾಬು, ಮದ್ದು ಸೇರಿ ಅರ್ಧ. ಉಳಿದ ಮೂವತ್ತೈದು ಬಸ್ಸು, ಆಟೋ, ಊಟ, ಕೂಲಿ. ಬಾಯಿ ಮಾತಿನಲ್ಲಿ ಕೇಳಿದಾಗ ಈ ಮೂವತ್ತೈದು ಹೆಚ್ಚುಕಮ್ಮಿ ಮಾಯವಾಗಿತ್ತು. ಜೊತೆಗೆ ಹೋದವರ ಖರ್ಚನ್ನು ಆಸ್ಪತ್ರೆ ಖರ್ಚು ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಐದು ಲಕ್ಷದ ಇನ್ಶೂರೆನ್ಸ್ ಕಾರ್ಡು ಬಹಳ ಮನೆಯಲ್ಲಿ ಇತ್ತು. ಆದರೆ ಅದು ಅಡ್ಮಿಟ್ ಆದರೆ ಮಾತ್ರ, ಓಪಿಗೆ (ಬರೀ ತೋರಿಸಿ ಬರುವವರಿಗೆ) ಇಲ್ಲ. ಕಾರ್ಡು ಕೂಡ ಅದೇ ತೊಟ್ಟೆಯಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ. ಕೆಲವು ಅಕ್ಕಂದಿರು ತಲಪಾಡಿ ದಾಟಿದ ಮೇಲೆ ಬಸ್ಸು ಫ್ರೀ ಅಲ್ವಾ ಅಂತ ನಮ್ಮನ್ನೇ ಕೇಳಿದರು. 2023ರ ಜೂನಿನಲ್ಲಿ ಶುರುವಾದ ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇದ್ದವರಿಗೆ ಮಾತ್ರ. ಕಾಸರಗೋಡಿನ ಆಧಾರ್ ಹಿಡಿದುಕೊಂಡು ಹೋದರೆ ಆಗುವುದಿಲ್ಲ.

ಮಧ್ಯದಲ್ಲಿ ಸುಮ್ನೆ ಕೂರದೆ ಎರಡು ಬೇರೆ ಪ್ರಯೋಗವನ್ನೂ ಮಾಡಿದೆವು. ಒಂದು, ಬೆಳಗಿನ ಮಂಗಳೂರು ಬಸ್ಸಿನಲ್ಲಿ ಎಕ್ಸ್‌ರೇ ಕವರ್ ಎಣಿಸುವುದು. ಆ ದೊಡ್ಡ ಕವರ್ ಯಾವ ಬ್ಯಾಗಿಗೂ ಹಿಡಿಸುವುದಿಲ್ಲ, ಕೈಯಲ್ಲೇ ಇರಬೇಕು. ಹಾಗಾಗಿ ಯಾರನ್ನೂ ಏನೂ ಕೇಳದೆ ಎಣಿಸಬಹುದು. ಸೋಮವಾರ ಎಲ್ಲಕ್ಕಿಂತ ಜಾಸ್ತಿ, ಶನಿವಾರ ಕಡಿಮೆ. ಅದಕ್ಕಿಂತ ಮುಂದೆ ಹೋಗಲಿಲ್ಲ, ರಶ್ಶಿನಲ್ಲಿ ಎಣಿಸಲು ಆಗುವುದಿಲ್ಲ. ಇನ್ನೊಂದು ಪ್ರಯೋಗ, ಆಸ್ಪತ್ರೆಗೆ ಸಂಬಂಧವೇ ಇಲ್ಲದ್ದು. ಪೆಟ್ರೋಲಿಗೆ ಕರ್ನಾಟಕದಲ್ಲಿ ರೇಟು ಕಡಿಮೆ, ಕೇರಳದಲ್ಲಿ 2023ರ ಏಪ್ರಿಲಿನಿಂದ ಲೀಟರಿಗೆ ಎರಡು ರೂಪಾಯಿ ಸೆಸ್ ಬೇರೆ. ಗಡಿ ದಾಟಿದ ಕೂಡಲೇ ಸಿಗುವ ಪಂಪಿನ ಎದುರು ನಿಂತು ಕೆಎಲ್-14, ಅಂದರೆ ಕಾಸರಗೋಡಿನ ನಂಬರಿನ ಗಾಡಿ ಎಷ್ಟು ಅಂತ ಎಣಿಸಲು ಇಬ್ಬರು ಹುಡುಗರನ್ನು ಕಳಿಸಿದೆ. ಸ್ವಲ್ಪ ಹೊತ್ತಿಗೆ ಪಂಪಿನವರು ಬಂದು "ನೀವು ಟ್ಯಾಕ್ಸ್ ಇಲಾಖೆಯವರಾ?" ಅಂತ ವಿಚಾರಿಸಿದರಂತೆ. ಎಣಿಸಿದಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮದೇ ಗಾಡಿ. ಅದನ್ನು ಮುಂದೆ ಯಾರಾದರೂ ಸರಿಯಾಗಿ ಮಾಡಬೇಕು.

ಓಪಿಯ ಅಂಕೆ ಬೇಕು ಅಂತ ಒಂದು ಕಚೇರಿಗೆ ಹತ್ತು ರೂಪಾಯಿ ಸ್ಟಾಂಪ್ ಅಂಟಿಸಿ ಕನ್ನಡದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಕೇರಳದ 1969ರ ರಾಜಭಾಷಾ ಕಾಯ್ದೆಯಲ್ಲಿ ನಮಗೆ ಆ ಹಕ್ಕು ಇತ್ತು, ಉತ್ತರವೂ ಕನ್ನಡದಲ್ಲೇ ಬರಬೇಕಿತ್ತು. ಬಂದದ್ದು ಮಲಯಾಳದಲ್ಲಿ, ಅದೂ ಮೂವತ್ತು ದಿನ ಕಳೆದ ಮೇಲೆ. ಪ್ರಾಜೆಕ್ಟು ಅದಕ್ಕೆ ಕಾಯಲಿಲ್ಲ.

ದುಡ್ಡಿನ ವಿಷಯ. ಐದು ಮಂದಿ ಸೇರಿ ಒಟ್ಟು ಖರ್ಚು ಆರೇಳು ಸಾವಿರದ ಒಳಗೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಸ್ಸಿಗೆ. ಲಕೋಟೆ, ಜೆರಾಕ್ಸು ಸೇರಿ ಐನೂರು. ಬೈಂಡಿಂಗಿಗೆ ಸಾವಿರದ ಮೇಲೆ ಹೋಯಿತು. ಅದೊಂದು ದಂಡ, ಬಂಗಾರದ ಅಕ್ಷರ ಇಲ್ಲದಿದ್ದರೆ ಪ್ರಾಜೆಕ್ಟು ಅಲ್ಲ ಅಂತ ಮಕ್ಕಳಿಗೆ ಯಾರು ಹೇಳಿದರೋ. ಮನೆಯವರಿಗೆ ನಾವು ದುಡ್ಡು ಕೊಡಲಿಲ್ಲ. ಕೊಟ್ಟರೆ ಚೀಟಿ ಜಾಸ್ತಿ ಆಗುತ್ತದೆ. ಅದರ ಬದಲು ತೊಟ್ಟೆಯ ಕಾಗದಗಳನ್ನೆಲ್ಲ ತಾರೀಕು ಪ್ರಕಾರ ಜೋಡಿಸಿ ಫೈಲು ಮಾಡಿ ಕೊಟ್ಟೆವು. ಒಂದು ಫೈಲಿಗೆ ಹದಿನೈದೋ ಇಪ್ಪತ್ತೋ ರೂಪಾಯಿ. ಎರಡನೇ ವಾರ್ಡಿನಲ್ಲಿ ಬೇಡ ಅಂದವರು ಕಡಿಮೆಯಾದದ್ದು ಈ ಫೈಲಿನ ಸುದ್ದಿ ಹಬ್ಬಿದ ಮೇಲೆ.

ವೈವಾಕ್ಕೆ ಹೊರಗಿನಿಂದ ಬಂದವರು ಮೊದಲು ಕೇಳಿದ್ದು "ಹೈಪಾಥಿಸಿಸ್ ಎಲ್ಲಿ? ಸ್ಯಾಂಪಲ್ ಸೈಜಿಗೆ ಫಾರ್ಮುಲಾ ಎಲ್ಲಿ?" ಹುಡುಗಿ ಏನೂ ವಾದ ಮಾಡಲಿಲ್ಲ. ಬೀಡಿ ಪುಸ್ತಕದ ತಾರೀಕು, ಚೀಟಿಯ ತಾರೀಕು ಪಕ್ಕಪಕ್ಕ ಹಾಕಿದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಬೆರಳಿಟ್ಟು ನೋಡಿದರು. ಆಮೇಲೆ ಬಂದ ಪ್ರಶ್ನೆಗಳೆಲ್ಲ ಬೀಡಿಯದ್ದೇ. ಮಾರ್ಕು ಎಷ್ಟು ಅಂತ ಹೇಳಿದರೆ ಜಂಭ ಆಗುತ್ತದೆ. ಕಡಿಮೆ ಅಂತೂ ಇರಲಿಲ್ಲ.

ಆ ಪಂಚಾಯತಿನ ಆರೋಗ್ಯದ ವರ್ಕಿಂಗ್ ಗ್ರೂಪಿಗೆ ವಾರ್ಡ್ ಮೆಂಬರು ನಮ್ಮ ಎರಡು ಪುಟದ ಟೇಬಲ್ಲು ತಗೊಂಡು ಹೋದರು. ಮಂಗಳೂರಿಗೆ ಹೋಗುವವರಲ್ಲಿ ತುಂಬ ಜನ ಬರೀ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಬದಲಿಸಿಕೊಂಡು ಬರುವವರು, ಅದು ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲೇ ಆಗುವ ಕೆಲಸ ಅಂತ ಅದರಲ್ಲಿತ್ತು. ಲ್ಯಾಬು ಎಷ್ಟು ಗಂಟೆಯ ತನಕ ಇರಬೇಕು ಅನ್ನುವುದರ ಮೇಲೆ ಚರ್ಚೆ ಆಯಿತಂತೆ. ತೀರ್ಮಾನ ಇನ್ನೂ ಬಂದಿಲ್ಲ.

2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ. ನಾಲ್ಕನೇ ವರ್ಷ ಸಂಶೋಧನೆ ಮಾಡುವವರು ಈಗಲೇ ವಿಷಯ ಕೇಳಿಕೊಂಡು ಬರುತ್ತಿದ್ದಾರೆ. ನಾನು ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಅಕ್ಕಂದಿರ ಸಾಲದ ಪಾಸ್‌ಬುಕ್ ಹಿಡಿಯಬೇಕು ಅಂತ ಇದ್ದೇನೆ. ಒಂದು ಕಡೆಯ ಕಂತು ಕಟ್ಟಿದ ತಾರೀಕಿಗೂ ಇನ್ನೊಂದು ಕಡೆ ಸಾಲ ಎತ್ತಿದ ತಾರೀಕಿಗೂ ಎಷ್ಟು ದಿನದ ಅಂತರ ಅಂತ ನೋಡಬೇಕು. ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ. ಈ ಸಲ ಯಾರೂ ನಗಲಿಲ್ಲ, ಆದರೆ ಪಾಸ್‌ಬುಕ್ ಯಾರು ತೋರಿಸುತ್ತಾರೆ ಅಂತ ಕೇಳಿದರು. ಎರಡು ಡಜನ್ ಫೈಲು ತಂದಿಟ್ಟಿದ್ದೇನೆ.