ಪಿಯಾನೊದಲ್ಲಿ ಮುರಿದ ಅಗ್ರಾಫ್: ತೆಗೆಯುವುದು ಹೇಗೆ, ಕೂರಿಸುವುದು ಹೇಗೆ?

ಜಯಚಾಮರಾಜೇಂದ್ರ ಒಡೆಯರ್ ಪಿಯಾನೊ ಕಲಿತ ಊರು ಮೈಸೂರು. ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟ ದೊರೆ ಅವರು. ಅಂಥ ಊರಿನಲ್ಲಿ ಹಳೆಯ ಗ್ರ್ಯಾಂಡ್ ಪಿಯಾನೊಗಳು ಅವಸರದ ರಿಪೇರಿಗೆ ಸಿಕ್ಕಿ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರಲ್ಲೂ ಹೆಚ್ಚು ಪೆಟ್ಟು ತಿನ್ನುವುದು ಅಗ್ರಾಫ್ ಎಂಬ ಪುಟ್ಟ ಹಿತ್ತಾಳೆಯ ತುಂಡು.

ತಂತಿ ಬಿಗಿಯುವ ಬಿರಡೆಯಿಂದ ಹೊರಟ ತಂತಿ ಅಗ್ರಾಫಿನ ತೂತಿನಲ್ಲಿ ನುಸುಳಿ, ಆಚೆ ತುದಿಯಲ್ಲಿ ತಂತಿಗೆ ಆಸರೆಯಾದ ಕುದುರೆ ಎಂಬ ಮರದ ಪಟ್ಟಿಯ ಕಡೆಗೆ ಹೋಗುತ್ತದೆ. ನುಡಿಯುವ ಭಾಗ ಶುರುವಾಗುವುದು ಆ ತೂತಿನ ಅಂಚಿನಿಂದ. ವೀಣೆಯಲ್ಲಿ ಬಿರಡೆಯ ಕಡೆ ತಂತಿಗೆ ಆಸರೆಯಾಗುವ ಮೇರು ಮಾಡುವ ಕೆಲಸವನ್ನು ಇಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಅಗ್ರಾಫ್ ಮಾಡುತ್ತದೆ. ಗ್ರ್ಯಾಂಡ್ ಪಿಯಾನೊದ ಸುತ್ತಿಗೆ ಕೆಳಗಿನಿಂದ ಮೇಲಕ್ಕೆ ಹೊಡೆಯುವುದರಿಂದ, ಆ ಏಟಿಗೆ ತಂತಿ ಮೇಲೇಳದಂತೆ ಹಿಡಿಯುವುದೂ ಇದರದೇ ಹೊಣೆ. 1808ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯಾನೊ ತಯಾರಕ ಸೆಬಾಸ್ಟಿಯನ್ ಎರಾರ್ ಇದನ್ನು ರೂಪಿಸಿದರು. ಮಂದ್ರದ ಕೊನೆಯಲ್ಲಿ ಒಂದು ತೂತು, ಆಮೇಲೆ ಎರಡು, ಮಧ್ಯಕ್ಕೆ ಬಂದರೆ ಮೂರು. ತಾರದ ತುದಿಯಲ್ಲಿ ಸಾಮಾನ್ಯವಾಗಿ ಅಗ್ರಾಫ್ ಇರುವುದಿಲ್ಲ; ಕಬ್ಬಿಣದ ಚೌಕಟ್ಟಿನಲ್ಲೇ ಎರಕವಾದ ಪಟ್ಟಿಯೊಂದು ಆ ಕೆಲಸ ಮಾಡುತ್ತದೆ. ಗೋಡೆಗೆ ಒರಗಿಸಿಡುವ ಎಷ್ಟೋ ಪಿಯಾನೊಗಳಲ್ಲಿ ಅಗ್ರಾಫೇ ಇಲ್ಲ, ತಂತಿಗಳನ್ನು ಒತ್ತಿ ಹಿಡಿಯುವ ಉದ್ದನೆಯ ಪಟ್ಟಿ ಇರುತ್ತದೆ. ಮೊದಲು ಮುಚ್ಚಳ ತೆಗೆದು ನಿಮ್ಮದು ಯಾವುದು ನೋಡಿಕೊಳ್ಳಿ.

ಮೊದಲು ತಂತಿ ಸಡಿಲಿಸಿ. ಒಂದೊಂದು ತಂತಿಯ ಸೆಳೆತ ಸುಮಾರು 70ರಿಂದ 90 ಕಿಲೊ. ಕಣ್ಣಿಗೆ ಕನ್ನಡಕ ಹಾಕದೆ ಬಿರಡೆ ಮುಟ್ಟಬೇಡಿ. ಒಂದೇ ತಂತಿ ಹಿಂದಿನ ಮೊಳೆ ಸುತ್ತಿ ಬಂದು ಎರಡು ತಂತಿಯಾಗಿರುವುದರಿಂದ ಪಕ್ಕದ ಸ್ವರದ ತಂತಿಯೂ ಸಡಿಲವಾದೀತು, ಗಾಬರಿಯಾಗಬೇಡಿ. ಬಿಚ್ಚಿದ ಹಳೆಯ ತಂತಿಯನ್ನು ಮತ್ತೆ ಹಾಕುವ ಉಳಿತಾಯ ಬೇಡ, ಬಿರಡೆಗೆ ಸುತ್ತಿದ ಸುರುಳಿಯಲ್ಲಿ ಬಾಗಿದ ಜಾಗದಲ್ಲೇ ಅದು ಮುರಿಯುತ್ತದೆ. ಮೈಕ್ರೊಮೀಟರಿನಲ್ಲಿ ದಪ್ಪ ಅಳೆದು ಅದೇ ಅಳತೆಯ ಹೊಸದನ್ನು ತರಿಸಿ.

ಇನ್ನು ಮುರಿದ ತುಂಡು ತೆಗೆಯುವುದು. ಕೆಲಸ ಕೆಡುವುದು ಇಲ್ಲೇ. ತಲೆ ಮುರಿದು ಹೋಗಿ, ಥ್ರೆಡ್ ಇರುವ ಕಾಲು ಎರಕದ ಕಬ್ಬಿಣದೊಳಗೆ ಉಳಿದಿರುತ್ತದೆ. ಜನ ತಕ್ಷಣ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುತ್ತಾರೆ. ದಯವಿಟ್ಟು ಬೇಡ. ಆ ಎಣ್ಣೆ ತಂತಿ ಹಿಡಿದು ಬಿರಡೆಗೆ ಇಳಿದು, ಬಿರಡೆ ಕೂತ ಮರಕ್ಕೆ ಇಂಗಿದರೆ ಹಿಡಿತವೇ ಹೋಗುತ್ತದೆ, ಮತ್ತೆ ಶ್ರುತಿ ನಿಲ್ಲುವುದಿಲ್ಲ. ಜೋರಾಗಿ ಪಂಚ್ ಹೊಡೆಯುವುದೂ ಬೇಡ, ಎರಕದ ಕಬ್ಬಿಣ ಬಾಗುವುದಿಲ್ಲ, ಬಿರಿಯುತ್ತದೆ. ಸರಿಯಾದ ದಾರಿ ಹೀಗೆ: ಸುತ್ತಲೂ ಬಟ್ಟೆ ತುರುಕಿ. ಮುರಿದ ಮೈಯ ನಡುಮಧ್ಯದಲ್ಲಿ ಮೆತ್ತಗೆ ಗುರುತು ಮಾಡಿ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟನ್ನು ಹಿತ್ತಾಳೆ ಕಾಲಿಗಿಂತ ಸಾಕಷ್ಟು ಸಣ್ಣದನ್ನೇ ಹಾಕಿ, ನಿಧಾನದ ವೇಗದಲ್ಲಿ ನೇರವಾಗಿ ಇಳಿಸಿ. ತಲೆ ಹೋದ ಮೇಲೆ ಕಾಲಿನ ಬಿಗಿ ಸಡಿಲವಾಗಿರುತ್ತದೆ, ಹಾಗಾಗಿ ಎಷ್ಟೋ ಸಲ ಬಿಟ್ ಕಚ್ಚಿದ ಕೂಡಲೇ ತುಂಡು ತಾನೇ ತಿರುಗಿ ಮೇಲೆ ಬರುತ್ತದೆ. ಬಾರದಿದ್ದರೆ ಆ ತೂತಿಗೆ ಎಕ್ಸ್‌ಟ್ರಾಕ್ಟರ್ (ಮುರಿದ ಸ್ಕ್ರೂ ಕಚ್ಚಿ ಹೊರತೆಗೆಯುವ ಉಪಕರಣ) ಇಟ್ಟು ಕೈಯಲ್ಲೇ ತಿರುಗಿಸಿ. ಬಿಟ್ ಮಧ್ಯ ತಪ್ಪಿ ಕಬ್ಬಿಣದ ಥ್ರೆಡ್ ಕೆತ್ತಿದರೆ ಮುಂದಿನ ಕೆಲಸ ನಿಮ್ಮ ಕೈ ಮೀರಿತು ಎಂದೇ ತಿಳಿಯಿರಿ. ಹಿತ್ತಾಳೆ ಪುಡಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ವ್ಯಾಕ್ಯೂಮ್ ಕ್ಲೀನರಿನಿಂದಲೇ ಹೀರಬೇಕು.

ಹೊಸದನ್ನು ಆರಿಸುವಾಗ ತೂತಿನ ಲೆಕ್ಕವೊಂದೇ ಸಾಲದು, ಥ್ರೆಡ್ಡೂ ಎತ್ತರವೂ ಹೊಂದಬೇಕು. ಎತ್ತರ ತಪ್ಪಿದರೆ ಸುತ್ತಿಗೆಗೆ ತಂತಿಗಳು ಸಮನಾಗಿ ಸಿಗುವುದಿಲ್ಲ. ಒಂದು ತಯಾರಕರ ಥ್ರೆಡ್ ಇನ್ನೊಬ್ಬರದಕ್ಕೆ ಹೊಂದುತ್ತದೆಂಬ ಭರವಸೆ ಇಲ್ಲ. ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬೋಲ್ಟಿಗೆ ಮೂರು ತೂತು ಕೊರೆಸಿ ತಂದವರಿದ್ದಾರೆ. ಅದರ ಚೂಪು ಅಂಚು ತಂತಿಯನ್ನು ಕಡಿದುಹಾಕುತ್ತದೆ, ಸ್ವರವೂ ಜುಯ್ ಎನ್ನುತ್ತದೆ.

ಕೂರಿಸುವುದರಲ್ಲೂ ಸೂಕ್ಷ್ಮವಿದೆ. ಬೆರಳಲ್ಲಿ ತಿರುಗಿಸಿ ಅಗ್ರಾಫಿನ ಭುಜ ಕಬ್ಬಿಣಕ್ಕೆ ತಾಗಿದಾಗ, ತೂತುಗಳು ತಂತಿಯ ದಾರಿಗೆ ನೇರವಾಗಲು ಕಾಲು ಸುತ್ತಿಗಿಂತ ಕಡಿಮೆ ಉಳಿದಿರಬೇಕು. ಅರ್ಧ ಸುತ್ತು ಉಳಿದಿದ್ದರೆ ಬಲವಂತವಾಗಿ ತಿರುಗಿಸಬೇಡಿ, ಕುತ್ತಿಗೆ ಮುರಿಯುತ್ತದೆ. ತೆಳು ಹಿತ್ತಾಳೆ ವಾಷರ್ ಹಾಕಿ ಮತ್ತೆ ನೋಡಿ, ಸಾಲದಿದ್ದರೆ ಇನ್ನೊಂದು. ಹಿಂದಕ್ಕೆ ತಿರುಗಿಸಿ ಸಡಿಲವಾಗಿ ಬಿಟ್ಟರಂತೂ ಆ ಸ್ವರ ಗುಂಯ್‌ಗುಡುವುದು ನಿಲ್ಲುವುದೇ ಇಲ್ಲ. ತಲೆಯನ್ನು ಪೂರ್ತಿ ಹಿಡಿಯುವ ಅಗ್ರಾಫ್ ಪಾನಾ ಬೇಕು. ಕಟಿಂಗ್ ಪ್ಲೈಯರ್ ಹಾಕಿದರೆ ತೂತೇ ನಜ್ಜುಗುಜ್ಜಾಗುತ್ತದೆ.

ತಂತಿ ಹಾಕಿ, ಸ್ವಲ್ಪ ಸ್ವಲ್ಪವಾಗಿ ಏರಿಸಿ.

ಹೊಸ ತಂತಿ ಹಿಗ್ಗುತ್ತದೆ, ಮೊದಲ ವಾರಗಳಲ್ಲಿ ಮತ್ತೆ ಮತ್ತೆ ಶ್ರುತಿ ಇಳಿಯುತ್ತದೆ. ಜುಲೈ ಮಳೆಯಲ್ಲಿ ಕೂಡಿಸಿದ ಶ್ರುತಿ ಮಾರ್ಚಿನ ಒಣ ಹವೆಗೆ ಇಡೀ ಪಿಯಾನೊದಲ್ಲೇ ಇಳಿಯುವುದುಂಟು. ಆಗ ಅಗ್ರಾಫಿಗೆ ಪಾನಾ ಹಾಕಬೇಡಿ, ಬಿರಡೆಯನ್ನಷ್ಟೇ ತಿರುಗಿಸಿ.